ಗಾಜಿನ ಮೇಲಿನ ಎರಡು ಕಾಗದಗಳು

2021ರ ಫೆಬ್ರುವರಿಯ ಹಿಮಪಾತದಲ್ಲಿ ಟೆಕ್ಸಸ್‌ನ ಆಸ್ಟಿನ್ ಹೊರವಲಯದಲ್ಲಿರುವ ನಮ್ಮ ಮನೆಗೆ ಮೂರು ದಿನ ವಿದ್ಯುತ್ ಇರಲಿಲ್ಲ, ನಾಲ್ಕು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ಎದುರು ಮನೆಯ ಹಿರಿಯರೊಬ್ಬರು ತಮ್ಮ ಹಳೆಯ ಪಿಕಪ್‌ನಲ್ಲಿ ಎಲ್ಲಿಂದಲೋ ನೀರು ತುಂಬಿಸಿಕೊಂಡು ಬಂದು ಬೀದಿಯ ಒಂಬತ್ತು ಮನೆಗಳಿಗೂ ಹಂಚಿದರು. ಎಂಟು ವರ್ಷ ಮಗುವಿನಂತೆ ಸಾಕಿದ್ದ ನಮ್ಮ ನುಗ್ಗೆ ಮತ್ತು ಕರಿಬೇವು ಆ ಚಳಿಗೆ ಬುಡಸಮೇತ ಸತ್ತುಹೋದವು. ಹಿತ್ತಲನ್ನು ಹೊಸದಾಗಿ ಕಟ್ಟಬೇಕು, ಮಣ್ಣು, ಗೊಬ್ಬರ, ಮರದ ಹಲಗೆ, ನೀರಿನ ಟ್ಯಾಂಕು ಎಲ್ಲವನ್ನೂ ಹೊತ್ತು ತರಬೇಕು, ಪ್ರತಿ ಬಾರಿ ನೆರೆಯವರ ಗಾಡಿ ಕೇಳುವುದು ಸರಿಯಲ್ಲ ಎಂದು ನಾನೂ ನನ್ನ ಹೆಂಡತಿಯೂ ಮಾತಾಡಿಕೊಂಡು ಒಂದು ಮಧ್ಯಮ ಗಾತ್ರದ ಪಿಕಪ್ ಕೊಳ್ಳುವುದೆಂದು ತೀರ್ಮಾನಿಸಿದೆವು. ನಮ್ಮ ಮನೆಯನ್ನು ಕತ್ತಲಲ್ಲಿಟ್ಟ ಅದೇ ವಿದ್ಯುತ್ ಕಡಿತವು ಇದೇ ಊರಿನಲ್ಲಿದ್ದ ಸ್ಯಾಮ್‌ಸಂಗ್, ಎನ್‌ಎಕ್ಸ್‌ಪಿ ಮತ್ತು ಇನ್‌ಫಿನಿಯನ್ ಕಂಪನಿಗಳ ಚಿಪ್ ಕಾರ್ಖಾನೆಗಳನ್ನೂ ನಿಲ್ಲಿಸಿತ್ತು. ನಾವು ಕೊಳ್ಳಲು ಹೊರಟ ಗಾಡಿ ಸಿಗದಿರಲು ಅದೂ ಒಂದು ಕಾರಣ ಎಂಬುದು ನನಗೆ ಅರ್ಥವಾದದ್ದು ಆ ವರ್ಷದ ಅಕ್ಟೋಬರ್‌ನಲ್ಲಿ, ಡೀಲರ್‌ಗಳ ಅಂಗಳಕ್ಕೆ ಕಾಲಿಟ್ಟ ಮೇಲೆ.

ಕೊರತೆಯ ಬೇರು ಅದಕ್ಕಿಂತ ಹಿಂದಿನದು. 2020ರ ವಸಂತದಲ್ಲಿ ಕೊರೊನಾ ಹರಡಿ ಕಾರ್ಖಾನೆಗಳು ಮುಚ್ಚಿದಾಗ, ಇನ್ನು ಗಾಡಿಗಳನ್ನು ಯಾರೂ ಕೊಳ್ಳುವುದಿಲ್ಲವೆಂದು ಬಗೆದ ವಾಹನ ಕಂಪನಿಗಳು ಚಿಪ್‌ಗಳ ಬೇಡಿಕೆಯನ್ನು ರದ್ದುಪಡಿಸಿದವು. ಅದೇ ಹೊತ್ತಿಗೆ ಮನೆಯಿಂದಲೇ ಕೆಲಸ ಮಾಡುವವರಿಗೆ ಲ್ಯಾಪ್‌ಟಾಪ್, ಮಾನಿಟರ್, ಮಕ್ಕಳಿಗೆ ಟ್ಯಾಬ್ಲೆಟ್ ಬೇಕಾದವು, ಚಿಪ್ ತಯಾರಕರು ತಮ್ಮ ಯಂತ್ರಗಳನ್ನು ಅತ್ತ ತಿರುಗಿಸಿದರು. ಕೆಲವೇ ತಿಂಗಳಲ್ಲಿ ಜನ ಮತ್ತೆ ಗಾಡಿ ಕೊಳ್ಳಲು ಬಂದಾಗ ಕಂಪನಿಗಳು ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು. ಅದರ ಮೇಲೆ ನಮ್ಮೂರಿನ ಹಿಮಪಾತ, ಅದಾದ ಮರು ತಿಂಗಳೇ ಜಪಾನಿನ ನಾಕಾದಲ್ಲಿರುವ ರೆನೆಸಾಸ್ ಚಿಪ್ ಕಾರ್ಖಾನೆಯ ಬೆಂಕಿ. ಫೋರ್ಡ್ ತನ್ನ ಟ್ರಕ್‌ಗಳನ್ನು ಬಹುಪಾಲು ಕಟ್ಟಿ, ಚಿಪ್ ಬರುವವರೆಗೆ ಕೆಂಟಕಿಯ ರೇಸ್ ಮೈದಾನದ ಬಳಿ ಸಾಲುಸಾಲಾಗಿ ನಿಲ್ಲಿಸಿತ್ತು. ಜನರಲ್ ಮೋಟರ್ಸ್ ಬಿಸಿಯಾಗುವ ಆಸನದಂಥ ಸೌಲಭ್ಯಗಳನ್ನು ಕೆಲವು ಮಾದರಿಗಳಿಂದ ತೆಗೆದುಹಾಕಿ ಗಾಡಿಗಳನ್ನು ಹೊರಗೆ ಕಳುಹಿಸುತ್ತಿತ್ತು.

ಬೇರೆ ದೇಶದಲ್ಲಿ ತಯಾರಾದ ಪಿಕಪ್ ಕೊಳ್ಳಬಹುದಲ್ಲ ಎಂದು ಊರಿನಿಂದ ತಮ್ಮ ಕೇಳಿದ. ಅಂಥ ಹೆಚ್ಚಿನ ಗಾಡಿಗಳು ಇಲ್ಲಿಗೆ ಬಾರದಂತೆ ಮಾಡಿರುವುದು ಕೋಳಿಯ ಜಗಳದಲ್ಲಿ ಹುಟ್ಟಿದ ಒಂದು ತೆರಿಗೆ. 1960ರ ದಶಕದ ಆರಂಭದಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿ ಅಮೆರಿಕದ ಕೋಳಿಮಾಂಸದ ಮೇಲೆ ಸುಂಕ ಹಾಕಿದ್ದಕ್ಕೆ ಉತ್ತರವಾಗಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸರ್ಕಾರ ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂಡಿ ಮತ್ತು ಹಗುರ ಟ್ರಕ್‌ಗಳ ಮೇಲೆ ಪ್ರತಿಸುಂಕ ವಿಧಿಸಿತು. ಉಳಿದವುಗಳ ಮೇಲಿನ ಸುಂಕ ಕಾಲಕ್ರಮದಲ್ಲಿ ಹೋಯಿತು, ಟ್ರಕ್‌ಗಳ ಮೇಲಿನ ಶೇಕಡ 25 ಮಾತ್ರ ಉಳಿದುಕೊಂಡಿತು. ಹೀಗಾಗಿ ಪ್ರಪಂಚದ ಬಹುಭಾಗ ಓಡಿಸುವ ಟೊಯೋಟಾ ಹೈಲಕ್ಸ್ ಇಲ್ಲಿನ ಅಂಗಡಿಗಳಲ್ಲಿ ಇಲ್ಲ. ನಮ್ಮ ಬಿಡದಿಯಲ್ಲಿ ಜೋಡಿಸುವ ಅದೇ ಹೈಲಕ್ಸ್ 2022ರ ಜನವರಿಯಲ್ಲಿ ಭಾರತದ ಮಾರುಕಟ್ಟೆಗೆ ಬಂದು, ಬೇಡಿಕೆಯನ್ನು ಪೂರೈಸಲಾಗದೆ ಮರುತಿಂಗಳೇ ಬುಕಿಂಗ್ ನಿಲ್ಲಿಸಬೇಕಾಯಿತು ಎಂಬುದನ್ನು ಓದಿದಾಗ, ಕೊರತೆ ಎಂಬುದು ಎರಡೂ ಕಡೆ ಒಂದೇ ಎನ್ನಿಸಿತು.

ಟೆಕ್ಸಸ್‌ನಲ್ಲಿ ವಾಹನ ಮಾರುವವರು ಶನಿವಾರ ಮತ್ತು ಭಾನುವಾರ ಎರಡೂ ದಿನ ಅಂಗಡಿ ತೆರೆಯುವಂತಿಲ್ಲ ಎಂಬ ಹಳೆಯ ಕಾನೂನಿದೆ, ಸಾಮಾನ್ಯವಾಗಿ ಎಲ್ಲರೂ ಭಾನುವಾರ ಮುಚ್ಚುತ್ತಾರೆ. ಹೊಸದಾಗಿ ಗಾಡಿ ನೋಡುವವರು ಭಾನುವಾರವೇ ಹೋಗಬೇಕೆಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ, ಏಕೆಂದರೆ ಯಾರೂ ಬೆನ್ನ ಹಿಂದೆ ನಿಲ್ಲದೆ, ಸಮಾಧಾನವಾಗಿ ಗಾಜಿನ ಮೇಲಿನ ಕಾಗದಗಳನ್ನು ಓದಬಹುದು. ನಾನು ಮೊದಲು ಹೋದ ಅಂಗಳದಲ್ಲಿ ನೂರಾರು ಗಾಡಿ ನಿಲ್ಲುವಷ್ಟು ಜಾಗವಿತ್ತು, ನಿಂತಿದ್ದ ಹೊಸ ಪಿಕಪ್‌ಗಳು ನಾಲ್ಕು. ಖಾಲಿ ಕಾಣಬಾರದೆಂದು ಒಂದೊಂದು ಗಾಡಿಯನ್ನೂ ಎರಡು ಜಾಗ ಹಿಡಿಯುವಂತೆ ಓರೆಯಾಗಿ ನಿಲ್ಲಿಸಿದ್ದರು.

ಆ ನಾಲ್ಕರಲ್ಲಿ ಒಂದು ನಮಗೆ ಬೇಕಾದಂಥದ್ದೇ ಆಗಿತ್ತು. ಅದರ ಕಿಟಕಿಯ ಗಾಜಿನ ಮೇಲೆ ಎರಡು ಕಾಗದಗಳಿದ್ದವು. ಮೊದಲನೆಯದು ಕಾನೂನು ಹಚ್ಚಿಸಿದ ಕಾಗದ. ಒಕ್ಲಹೋಮದ ಸೆನೆಟರ್ ಮೈಕ್ ಮನ್ರೋನಿ ಅವರ ಪ್ರಯತ್ನದಿಂದ 1958ರಲ್ಲಿ ಬಂದ ಕಾಯಿದೆಯ ಪ್ರಕಾರ ಪ್ರತಿ ಹೊಸ ಕಾರಿನ ಮೇಲೆ ತಯಾರಕರು ಸೂಚಿಸಿದ ಬೆಲೆ, ಹೆಚ್ಚುವರಿ ಸೌಲಭ್ಯಗಳ ಬೆಲೆ ಮತ್ತು ಸಾಗಣೆ ವೆಚ್ಚ ಇರಲೇಬೇಕು. ಇಂದಿಗೂ ಅದನ್ನು ಮನ್ರೋನಿ ಸ್ಟಿಕರ್ ಎಂದೇ ಕರೆಯುತ್ತಾರೆ. ಆ ಗಾಡಿಯ ಸ್ಟಿಕರ್ ಬೆಲೆ 38,540 ಡಾಲರ್. ಪಕ್ಕದಲ್ಲಿ ಅದೇ ಅಳತೆಯ, ಅದೇ ಬಗೆಯ ಅಕ್ಷರಗಳ, ನೋಡಿದರೆ ಅದರ ಮುಂದುವರಿಕೆಯೇ ಎನ್ನಿಸುವ ಇನ್ನೊಂದು ಕಾಗದ. ಅದು ಡೀಲರ್ ತಾನೇ ಮುದ್ರಿಸಿ ಅಂಟಿಸಿದ್ದು. ಟೈರಿಗೆ ನೈಟ್ರೋಜನ್ ತುಂಬಿಸಿದ್ದಕ್ಕೆ 199 ಡಾಲರ್, ಗಾಜಿನ ಮೂಲೆಯಲ್ಲಿ ಗಾಡಿಯ ಸಂಖ್ಯೆ ಕೆತ್ತಿದ್ದಕ್ಕೆ 399, ಕಿಟಕಿಗೆ ಕಪ್ಪು ಹಾಳೆ ಹಚ್ಚಿದ್ದಕ್ಕೆ 599, ಬಣ್ಣಕ್ಕೂ ಆಸನದ ಬಟ್ಟೆಗೂ ರಕ್ಷಣೆಯ ಲೇಪನಕ್ಕೆ 1,295. ಎಲ್ಲಕ್ಕಿಂತ ಕೆಳಗೆ ಮಾರುಕಟ್ಟೆ ಹೊಂದಾಣಿಕೆ ಎಂಬ ಹೆಸರಿನಲ್ಲಿ 7,500. ಒಟ್ಟು 9,992 ಡಾಲರ್. ನಾವು ಉಸಿರಾಡುವ ಗಾಳಿಯಲ್ಲಿ ಶೇಕಡ 78ರಷ್ಟು ನೈಟ್ರೋಜನ್ನೇ ಇದೆ ಎಂಬುದನ್ನು ಜೊತೆಗಿದ್ದ ಹೈಸ್ಕೂಲಿನ ಮಗಳು ನೆನಪಿಸಿದಳು.

ಈ ಎರಡನೆಯ ಕಾಗದದ ಬಗ್ಗೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬೆಲೆ ಏರಿದ್ದು ನನಗೆ ಬೇಸರ ತಂದಿತೇ ಹೊರತು ಅನ್ಯಾಯವೆನಿಸಲಿಲ್ಲ, ಸರಕು ಕಡಿಮೆಯಾದಾಗ ಬೆಲೆ ಏರುವುದು ಸಂತೆಯಲ್ಲಿ ತರಕಾರಿ ಕೊಂಡ ಯಾರಿಗೂ ಗೊತ್ತು. ಅನ್ಯಾಯವೆನಿಸಿದ್ದು ಆ ಬೆಲೆಯನ್ನು ಮುಚ್ಚಿಡುವ ರೀತಿ. ಅಂಗಡಿಯ ಜಾಲತಾಣದಲ್ಲಿ ಅದೇ ಗಾಡಿಗೆ 38,540 ಎಂದಿತ್ತು, ಎರಡನೆಯ ಕಾಗದ ಅಲ್ಲಿರಲಿಲ್ಲ. ಏರಿಸಿದ ಮೊತ್ತದ ಮೇಲೂ ಶೇಕಡ 6.25ರ ರಾಜ್ಯ ತೆರಿಗೆ ಬೀಳುತ್ತದೆ, ಅಂದರೆ ಆ 9,992ಕ್ಕೆ ಇನ್ನೂ 624 ಡಾಲರ್ ಸೇರುತ್ತದೆ. ಅದನ್ನೆಲ್ಲ ಸಾಲದಲ್ಲಿ ತೆಗೆದುಕೊಂಡರೆ ಆರು ವರ್ಷ ಬಡ್ಡಿ. ನಾಳೆ ಅಪಘಾತದಲ್ಲಿ ಗಾಡಿ ಪೂರ್ತಿ ಹಾಳಾದರೆ ವಿಮೆಯವರು ಅಂದಿನ ಮಾರುಕಟ್ಟೆ ಬೆಲೆಯನ್ನು ಕೊಡುತ್ತಾರೆಯೇ ಹೊರತು ನೀವು ತೆತ್ತ ಹೆಚ್ಚುವರಿಯನ್ನಲ್ಲ.

ಸೋಮವಾರ ಸಂಜೆ ಅದೇ ಅಂಗಡಿಗೆ ಹೋದೆ. ಮಾರಾಟಗಾರ ತರುಣ, ಸಭ್ಯ. ಅವನು ಒಂದು ಬಿಳಿ ಹಾಳೆ ತೆಗೆದುಕೊಂಡು ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆ ಎಳೆದು ನಾಲ್ಕು ಮನೆಗಳನ್ನು ಮಾಡಿದ. ಒಂದರಲ್ಲಿ ಗಾಡಿಯ ಬೆಲೆ, ಒಂದರಲ್ಲಿ ನನ್ನ ಹಳೆಯ ಕಾರಿಗೆ ಅವರು ಕೊಡುವ ಬೆಲೆ, ಮೂರನೆಯದರಲ್ಲಿ ನಾನು ಮುಂಗಡವಾಗಿ ಕೊಡುವ ಹಣ, ನಾಲ್ಕನೆಯದರಲ್ಲಿ ತಿಂಗಳ ಕಂತು. ಈ ನಾಲ್ಕು ಮನೆಯ ಹಾಳೆ ಇಲ್ಲಿನ ವಾಹನ ವ್ಯಾಪಾರದಲ್ಲಿ ಬಹಳ ಹಳೆಯದು, ಮತ್ತು ಅದರ ಕೆಲಸ ಏನೆಂಬುದು ಅರ್ಧ ಗಂಟೆಯಲ್ಲಿ ನನಗೆ ತಿಳಿಯಿತು. ನಾನು ಗಾಡಿಯ ಬೆಲೆ ಹೆಚ್ಚಾಯಿತು ಎಂದಾಗ ಅವನು ಬೆಲೆಯನ್ನು ಮುಟ್ಟದೆ ಹಳೆಯ ಕಾರಿನ ಮನೆಯಲ್ಲಿ 1,500 ಡಾಲರ್ ಏರಿಸಿದ. ಕಾರಿಗೆ ಇನ್ನೂ ಬರಬೇಕು ಎಂದಾಗ ಕಂತಿನ ಮನೆಯಲ್ಲಿ 40 ಡಾಲರ್ ಇಳಿಸಿದ, ಅದು ಹೇಗೆಂದರೆ ಸಾಲದ ಅವಧಿಯನ್ನು 72 ತಿಂಗಳಿಂದ 84ಕ್ಕೆ ಹಿಗ್ಗಿಸಿ. ಪ್ರತಿ ಬಾರಿಯೂ ಹಾಳೆಯನ್ನು ಒಳಕೋಣೆಗೆ ಒಯ್ದು, ಹತ್ತು ನಿಮಿಷ ಬಿಟ್ಟು ತರುತ್ತಿದ್ದ. ಗಾಡಿಯ ಬೆಲೆಯ ಮನೆಯಲ್ಲಿ ಬರೆದಿದ್ದ 48,532 ಮಾತ್ರ ಮೂರು ಗಂಟೆಯಾದರೂ ಅಲುಗಲಿಲ್ಲ. ಆ ಕಾಲದಲ್ಲಿ ಬಳಸಿದ ಕಾರುಗಳ ಬೆಲೆಯೂ ಹುಚ್ಚು ಹಿಡಿದಂತೆ ಏರುತ್ತಿತ್ತು. 2022ರ ಜನವರಿಯ ಸರ್ಕಾರಿ ಬೆಲೆ ಸೂಚ್ಯಂಕದಲ್ಲಿ ಅದು ಒಂದು ವರ್ಷಕ್ಕೆ ಶೇಕಡ 40ರಷ್ಟು ಹೆಚ್ಚಿತ್ತು. ಹಾಗಾಗಿ ಹಳೆಯ ಕಾರಿಗೆ ನಿರೀಕ್ಷೆಗಿಂತ ಹೆಚ್ಚು ಹಣ ಬರುವುದನ್ನು ಕಂಡು ಸಂತೋಷಗೊಂಡ ಎಷ್ಟೋ ಜನ, ಆ ಹಣ ಪಕ್ಕದ ಮನೆಯಲ್ಲಿ ಹಾಗೆಯೇ ಹೊರಟುಹೋಗುವುದನ್ನು ಗಮನಿಸಲಿಲ್ಲ. ನಾನೂ ಬಹುಮಟ್ಟಿಗೆ ಒಪ್ಪುವ ಹಂತಕ್ಕೆ ಬಂದಿದ್ದೆ. ಹೆಂಡತಿ ಫೋನಿನಲ್ಲಿ, ನಾಲ್ಕೂ ಮನೆಗಳನ್ನು ಬಿಟ್ಟು ಒಟ್ಟು ಎಷ್ಟು ಹಣ ಕೊಟ್ಟರೆ ಗಾಡಿಯ ಕೀಲಿ ಕೈಗೆ ಬರುತ್ತದೆ ಎಂದು ಕೇಳಿ, ಅದನ್ನು ಬರೆದುಕೊಡಲಿ ಎಂದಳು. ಕೇಳಿದೆ. ಬೆಲೆ ಒಪ್ಪಿದ ಮೇಲೆ ಮಾತ್ರ ಬರೆದುಕೊಡುವುದು ಪದ್ಧತಿ ಎಂಬ ಉತ್ತರ ಬಂತು. ಎದ್ದು ಬಂದೆ.

ಇನ್ನೊಂದು ಅನುಭವ ಇದಕ್ಕಿಂತ ಕಹಿ. ತೊಂಬತ್ತು ಮೈಲಿ ದೂರದ ಒಂದು ಅಂಗಡಿಯವರು ಸ್ಟಿಕರ್ ಬೆಲೆಗೇ ಕೊಡುತ್ತೇವೆ, ಗಾಡಿಯನ್ನು ನಿಮಗಾಗಿ ಹಿಡಿದಿಟ್ಟಿರುತ್ತೇವೆ ಎಂದು ಫೋನಿನಲ್ಲಿ ಎರಡು ಬಾರಿ ಹೇಳಿದರು. ಮಗಳ ಶಾಲೆಯ ಕಾರ್ಯಕ್ರಮ ತಪ್ಪಿಸಿ ಹೋದೆವು. ಅಲ್ಲಿ ತಲುಪಿದಾಗ ಗಾಡಿ ಇತ್ತು, ಬೆಲೆ ಇರಲಿಲ್ಲ. ಫೋನಿನಲ್ಲಿ ಮಾತಾಡಿದವರು ಹೊಸಬರು, ಅವರಿಗೆ ತಿಳಿಯದೆ ಹೇಳಿದ್ದಾರೆ, ಐದು ಸಾವಿರ ಸೇರಿಸಬೇಕು ಎಂದರು. ದೂರ ಬಂದವರು ಬರಿಗೈಯಲ್ಲಿ ಹಿಂದಿರುಗಲಾರರು ಎಂಬ ಲೆಕ್ಕದ ಮೇಲೆ ನಿಂತ ವ್ಯಾಪಾರವದು. ಹೆಂಡತಿ ಒಂದು ಮಾತೂ ಆಡದೆ ಬಂದು ಕಾರಿನಲ್ಲಿ ಕುಳಿತಳು.

ಕಂಪನಿಯೇ ನೇರವಾಗಿ ಒಂದು ಬೆಲೆಗೆ ಮಾರಬಾರದೇಕೆ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಡೀಲರ್‌ಗಳನ್ನು ಕಾಪಾಡುವ ಫ್ರಾಂಚೈಸ್ ಕಾನೂನುಗಳಿವೆ, ತಯಾರಕರು ತಮ್ಮ ಡೀಲರ್‌ಗಳನ್ನು ಬದಿಗೊತ್ತಿ ಗ್ರಾಹಕರಿಗೆ ಮಾರುವಂತಿಲ್ಲ. ಡೀಲರ್ ಸ್ವತಂತ್ರ ವ್ಯಾಪಾರಿ, ಗಾಡಿಯನ್ನು ಕೊಂಡು ತನಗೆ ಬೇಕಾದ ಬೆಲೆಗೆ ಮಾರುತ್ತಾನೆ. ಸ್ಟಿಕರ್ ಮೇಲಿನ ಬೆಲೆಯ ಹೆಸರಿನಲ್ಲೇ ಸೂಚಿಸಿದ ಎಂಬ ಪದವಿದೆ, ಅದು ಗರಿಷ್ಠ ಬೆಲೆಯಲ್ಲ. ನಮ್ಮಲ್ಲಿ ಬಿಸ್ಕತ್ತಿನ ಪೊಟ್ಟಣದ ಮೇಲೂ ಎಂಆರ್‌ಪಿ ನೋಡಿ ಬೆಳೆದವರಿಗೆ ಈ ವ್ಯತ್ಯಾಸ ಮನಸ್ಸಿಗೆ ಇಳಿಯಲು ಸ್ವಲ್ಪ ಕಾಲ ಬೇಕು. ಈ ಕಾನೂನಿನ ಬಿಗಿ ಎಷ್ಟಿದೆಯೆಂದರೆ, ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ ಟೆಸ್ಲಾ ತನ್ನ ದೊಡ್ಡ ಕಾರ್ಖಾನೆಯನ್ನು 2022ರ ಏಪ್ರಿಲ್‌ನಲ್ಲಿ ತೆರೆದರೂ, ಟೆಕ್ಸಸ್‌ನೊಳಗೆ ಅಂಗಡಿಯಿಟ್ಟು ತನ್ನ ಕಾರುಗಳನ್ನು ಟೆಕ್ಸಸ್‌ನವರಿಗೆ ನೇರವಾಗಿ ಮಾರುವ ಅನುಮತಿ ಅದಕ್ಕಿರಲಿಲ್ಲ. 2022ರ ಜನವರಿಯಲ್ಲಿ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಎರಡೂ ತಮ್ಮ ಡೀಲರ್‌ಗಳಿಗೆ ಪತ್ರ ಬರೆದು, ಕಾಯ್ದಿರಿಸಿದ ಗ್ರಾಹಕರಿಂದ ಹೆಚ್ಚುವರಿ ಹಣ ಕೇಳಿದರೆ ನಿಮ್ಮ ಪಾಲಿನ ಗಾಡಿಗಳನ್ನು ಬೇರೆಡೆಗೆ ತಿರುಗಿಸಬೇಕಾದೀತು ಎಂದು ಎಚ್ಚರಿಸಿದವು. ಅದಕ್ಕಿಂತ ಹೆಚ್ಚಿನದನ್ನು ಮಾಡುವ ಅಧಿಕಾರ ಅವರಿಗೆ ಬಹಳವಿರಲಿಲ್ಲ. ಅದೇ ತಿಂಗಳು ಹೊಸ ಗಾಡಿ ಕೊಂಡವರಲ್ಲಿ ಶೇಕಡ 82ರಷ್ಟು ಜನ ಸ್ಟಿಕರ್‌ಗಿಂತ ಹೆಚ್ಚು ಕೊಟ್ಟರೆಂದು ವಾಹನ ಮಾರುಕಟ್ಟೆಯ ಮಾಹಿತಿ ನೀಡುವ ಎಡ್ಮಂಡ್ಸ್ ಸಂಸ್ಥೆ ಲೆಕ್ಕ ಹಾಕಿತು. ಒಂದು ವರ್ಷದ ಹಿಂದೆ ಹಾಗೆ ಕೊಟ್ಟವರು ಶೇಕಡ 3ಕ್ಕೂ ಕಡಿಮೆ.

ಆ ದಿನಗಳಲ್ಲಿ ನನಗೆ ಅಪ್ಪನ ಸ್ಕೂಟರ್ ಪದೇ ಪದೇ ನೆನಪಾಗುತ್ತಿತ್ತು. 1980ರ ದಶಕದ ಆರಂಭದಲ್ಲಿ ದಾವಣಗೆರೆಯಲ್ಲಿ ಅಪ್ಪ ಬಜಾಜ್ ಚೇತಕ್‌ಗೆ ಹೆಸರು ನೋಂದಾಯಿಸಿ ಆರು ವರ್ಷ ಕಾದರು. ಬುಕಿಂಗ್ ರಸೀದಿ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಯ ಮಡಿಕೆಯೊಳಗೆ ಇರುತ್ತಿತ್ತು. ಸರದಿ ಬಂದವರ ಗಾಡಿಯನ್ನು ಪ್ರೀಮಿಯಂ ಕೊಟ್ಟು ಅಂದೇ ಕೊಳ್ಳುವವರು ಊರಲ್ಲಿ ಬೇಕಾದಷ್ಟು ಜನರಿದ್ದರು, ಅಪ್ಪನಿಗೂ ಅಂಥ ಅವಕಾಶ ಎರಡು ಸಲ ಬಂದಿತ್ತು. ಅವರು ಸುತರಾಂ ಒಪ್ಪದೆ ಸೈಕಲ್ಲಿನಲ್ಲೇ ಕಚೇರಿಗೆ ಹೋದರು. ಅದನ್ನು ನಾನು ಆಗ ಜಿಪುಣತನ ಎಂದುಕೊಂಡಿದ್ದೆ. ಆ ರಸೀದಿಯಲ್ಲಿ ಅವರ ಹೆಸರು, ಸಂಖ್ಯೆ, ದಿನಾಂಕ ಬರೆದಿತ್ತು, ಅದನ್ನು ನಂಬಿ ಕಾಯಬಹುದು ಎಂಬುದು ಅವರ ನಿಲುವಾಗಿತ್ತು ಎಂದು ನಾನು ತಿಳಿದುಕೊಂಡದ್ದು ಐವತ್ತರ ಹತ್ತಿರದ ವಯಸ್ಸಿನಲ್ಲಿ, ಸಾವಿರಾರು ಮೈಲಿ ದೂರದ ಅಂಗಡಿಗಳಲ್ಲಿ ಕುಳಿತು.

ನಾನೂ ಬರಹಕ್ಕೇ ಜೋತುಬಿದ್ದೆ. 2021ರ ಡಿಸೆಂಬರ್ ಕೊನೆಯ ವಾರ ಟೆಕ್ಸಸ್‌ನ ಇಪ್ಪತ್ಮೂರು ಡೀಲರ್‌ಗಳಿಗೆ ಒಂದೇ ಮೇಲ್ ಕಳುಹಿಸಿದೆ. ಅದರ ಸಾರಾಂಶ ಇಷ್ಟು. ನನಗೆ ಈ ಮಾದರಿ, ಈ ಎಂಜಿನ್, ಈ ಎರಡು ಬಣ್ಣಗಳಲ್ಲಿ ಯಾವುದಾದರೂ ಒಂದು ಬೇಕು. ಅಂಗಳದಲ್ಲಿ ಇಲ್ಲದಿದ್ದರೆ ಕಾರ್ಖಾನೆಯಿಂದ ತರಿಸಲು ಎಂಟು ತಿಂಗಳು ಕಾಯಬಲ್ಲೆ. ಸಾಲ ನನ್ನ ಕ್ರೆಡಿಟ್ ಯೂನಿಯನ್‌ನಿಂದ (ಸಹಕಾರಿ ಬ್ಯಾಂಕಿನಂಥ ಸಂಸ್ಥೆ) ಮಂಜೂರಾಗಿದೆ, ಹಳೆಯ ಕಾರಿನ ವಿಚಾರ ಬೇರೆ ಮಾತಾಡೋಣ. ದಯವಿಟ್ಟು ವಾಹನದ ಬೆಲೆ, ನೀವು ಸೇರಿಸುವ ಪ್ರತಿಯೊಂದು ಬಾಬ್ತು, ತೆರಿಗೆ, ಟೈಟಲ್ (ಒಡೆತನದ ಪತ್ರ), ನೋಂದಣಿ, ದಾಖಲೆ ಶುಲ್ಕ ಎಲ್ಲವನ್ನೂ ಒಂದೊಂದು ಸಾಲಿನಲ್ಲಿ ಬರೆದು ಒಟ್ಟು ಮೊತ್ತವನ್ನು ತಿಳಿಸಿ. ಗಾಡಿ ಬಂದಾಗ ಈ ಬೆಲೆ ಬದಲಾಗುವುದಿಲ್ಲವೆಂದು, ಮುಂಗಡ ಹಿಂದಿರುಗಿಸುವಿರೆಂದು ವ್ಯವಸ್ಥಾಪಕರ ಸಹಿಯೊಂದಿಗೆ ಒಂದು ವಾಕ್ಯ ಸೇರಿಸಿ.

ಹದಿನಾಲ್ಕು ಮಂದಿ ಉತ್ತರಿಸಿದರು. ಒಂಬತ್ತು ಉತ್ತರಗಳಲ್ಲಿ ಬೆಲೆಯೇ ಇರಲಿಲ್ಲ, ಅಂಗಡಿಗೆ ಬನ್ನಿ, ಕಾಫಿ ಕುಡಿಯುತ್ತ ಮಾತಾಡೋಣ ಎಂಬ ಆಹ್ವಾನವಿತ್ತು. ಐವರು ಪೂರ್ತಿ ಲೆಕ್ಕ ಬರೆದರು, ಅವರಲ್ಲಿ ಮೂವರು ಸ್ಟಿಕರ್ ಮೇಲೆ ಎರಡರಿಂದ ಆರು ಸಾವಿರ ಸೇರಿಸಿದ್ದರು. ಆ ಮೂವರ ಮೇಲೂ ನನಗೆ ಗೌರವವಿದೆ, ಹೆಚ್ಚು ಕೇಳಿದರೂ ಬಚ್ಚಿಡಲಿಲ್ಲ. ಉಳಿದ ಇಬ್ಬರು ಸ್ಟಿಕರ್ ಬೆಲೆಗೇ ಒಪ್ಪಿದ್ದರು. ಅವರಲ್ಲೊಬ್ಬರು ನಮ್ಮಿಂದ ಎರಡೂವರೆ ಗಂಟೆ ದೂರದ ಸಣ್ಣ ಪಟ್ಟಣದವರು. ಅವರ ಮೇಲ್‌ನಲ್ಲಿ ಆರು ಸಾಲುಗಳಿದ್ದವು, ವಾಹನ 37,885 ಡಾಲರ್, ದಾಖಲೆ ಶುಲ್ಕ 150, ಹೀಗೆ. ಕೊನೆಗೆ, ಈ ಊರಿನ ರೈತರೇ ನಮ್ಮ ಗಿರಾಕಿಗಳು, ಇಂದು ಐದು ಸಾವಿರ ಹೆಚ್ಚು ತೆಗೆದುಕೊಂಡರೆ ಮುಂದಿನ ಗಾಡಿಗೆ ಅವರು ಬರುವುದಿಲ್ಲ, ಅದಕ್ಕಾಗಿ ಯಾರಿಂದಲೂ ತೆಗೆದುಕೊಳ್ಳುವುದಿಲ್ಲ ಎಂದು ಬರೆದಿದ್ದರು. ಜನವರಿಯಲ್ಲಿ 500 ಡಾಲರ್ ಮುಂಗಡ ಕೊಟ್ಟು ಸಹಿ ಹಾಕಿ ಬಂದೆವು.

ಕಾಯುವ ಏಳು ತಿಂಗಳ ಬಗ್ಗೆ ಹೇಳುವುದು ಹೆಚ್ಚಿಲ್ಲ. ಆರ್ಡರ್ ಅಂಗೀಕಾರವಾಯಿತು ಎಂಬ ಸಂದೇಶ ಬಂತು, ಆಮೇಲೆ ಗಾಡಿಗೊಂದು ಸಂಖ್ಯೆ ಬಂತು, ಕಟ್ಟುವ ವಾರ ಎರಡು ಸಲ ಮುಂದೆ ಹೋಯಿತು. ಹಿಂದಿನ ಬಂಪರಿನ ಸೆನ್ಸರ್‌ಗಳಿಗೆ ಚಿಪ್ ಇಲ್ಲ, ಅವಿಲ್ಲದೆ ತೆಗೆದುಕೊಳ್ಳುವಿರಾ ಎಂದು ವ್ಯವಸ್ಥಾಪಕರು ಕೇಳಿದಾಗ ಒಪ್ಪಿಕೊಂಡೆ, ತಿರುಗಿ ನೋಡಿ ಗಾಡಿ ಹಿಂದಕ್ಕೆ ತೆಗೆಯುವುದು ಇನ್ನೂ ಮರೆತಿಲ್ಲ. ಕಾದದ್ದಕ್ಕೆ ನಿಜವಾದ ಬೆಲೆ ತೆತ್ತದ್ದು ಬಡ್ಡಿಯಲ್ಲಿ. ಮಾರ್ಚ್‌ನಿಂದ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಬಡ್ಡಿ ದರ ಏರಿಸುತ್ತ ಹೋಯಿತು, ನನ್ನ ಹಳೆಯ ಮಂಜೂರಾತಿಯ ಅವಧಿ ಮುಗಿದು, ಹೊಸದು ಬಂದಾಗ ಬಡ್ಡಿ ಶೇಕಡ 2.5ರಿಂದ 4ಕ್ಕಿಂತ ಮೇಲಾಗಿತ್ತು. ನಾವು ತೆಗೆದುಕೊಂಡ ಸಾಲಕ್ಕೆ ಲೆಕ್ಕ ಹಾಕಿದರೆ ಐದು ವರ್ಷದಲ್ಲಿ ಸಾವಿರ ಡಾಲರಿನಷ್ಟು ವ್ಯತ್ಯಾಸ. ಹತ್ತು ಸಾವಿರದ ಎರಡನೆಯ ಕಾಗದದ ಮುಂದೆ ಅದು ಸಣ್ಣದೇ. ಕಾಯಲಾಗದವರೂ ಇದ್ದರು ಎಂಬುದು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಕನ್ನಡ ಕೂಟದಲ್ಲಿ ಪರಿಚಯವಾದ, ಕಟ್ಟಡ ಗುತ್ತಿಗೆಯ ಕೆಲಸ ಮಾಡುವ ಒಬ್ಬರ ಪಿಕಪ್ ಆ ಚಳಿಗಾಲದಲ್ಲೇ ಕೆಟ್ಟುಹೋಯಿತು. ಗಾಡಿಯಿಲ್ಲದ ಒಂದೊಂದು ದಿನವೂ ಅವರಿಗೆ ಕೂಲಿ ನಷ್ಟ. ಅವರು ಎಂಟು ಸಾವಿರ ಹೆಚ್ಚು ಕೊಟ್ಟು ಮರುದಿನವೇ ಗಾಡಿ ತಂದರು. ಅವರು ಮಾಡಿದ್ದು ತಪ್ಪೆಂದು ನಾನು ಎಂದಿಗೂ ಹೇಳಲಾರೆ. ಹಿತ್ತಲಿನ ಮಣ್ಣಿಗಾಗಿ ಗಾಡಿ ಬೇಕಿದ್ದ ನನಗೆ ಕಾಯುವ ಅನುಕೂಲವಿತ್ತು, ದುಡಿಮೆಗೆ ಬೇಕಿದ್ದ ಅವರಿಗೆ ಅದಿರಲಿಲ್ಲ, ಮಾರುಕಟ್ಟೆ ಹೊಂದಾಣಿಕೆಯ ಭಾರ ಬಿದ್ದದ್ದು ಅವರ ಮೇಲೆ.

ಆಗಸ್ಟ್ ಎರಡನೆಯ ವಾರ ಗಾಡಿ ಬಂತೆಂದು ಫೋನು ಬಂದಾಗ, ನಾನು ಡೀಲರ್ ಲೆಕ್ಕ ಬರೆದು ಕಳುಹಿಸಿದ್ದ ಮೇಲ್ ಮುದ್ರಿಸಿಕೊಂಡು ಹೋದೆ. ಪ್ಲಾಸ್ಟಿಕ್ ಹೊದಿಕೆ ತೆಗೆಯದ ಆಸನಗಳ ವಾಸನೆ, ಚಕ್ರದ ಮೇಲೆ ರೈಲಿನ ದೂಳು. ಗಾಜಿನ ಮೇಲೆ ಒಂದೇ ಕಾಗದವಿತ್ತು. ವ್ಯವಸ್ಥಾಪಕರು ಮೇಜಿನ ಮೇಲೆ ನಾನು ತಂದ ಮೇಲ್ ಮತ್ತು ಅವರ ಬಿಲ್ಲನ್ನು ಅಕ್ಕಪಕ್ಕ ಇಟ್ಟು, ಪೆನ್ಸಿಲ್ಲಿನಿಂದ ಸಾಲು ಸಾಲಾಗಿ ಗುರುತು ಹಾಕುತ್ತ ಓದಿದರು. ವಾಹನ 37,885 ಡಾಲರ್, ದಾಖಲೆ ಶುಲ್ಕ 150. ಸೆನ್ಸರ್ ಬಾರದ ಕಾರಣಕ್ಕೆ ಕಂಪನಿ ಕಡಿತ ಮಾಡಿದ ಮೊತ್ತವನ್ನು ಒಂದು ಹೊಸ ಸಾಲಿನಲ್ಲಿ ಕಳೆದಿದ್ದರು. ನನಗಾಗಿ ನಿಲ್ಲಿಸಿದ್ದ ಎರಡು ದಿನಗಳಲ್ಲಿ, ಹೆದ್ದಾರಿಯಲ್ಲಿ ಹೋಗುತ್ತಿದ್ದ ಒಬ್ಬರು ಗಾಡಿ ಕಂಡು ಒಳಗೆ ಬಂದು, ಆರು ಸಾವಿರ ಹೆಚ್ಚು ಕೊಡುತ್ತೇನೆ, ಈಗಲೇ ಚೆಕ್ ಬರೆಯುತ್ತೇನೆ ಎಂದು ಕೇಳಿದ್ದರಂತೆ. ನೀವು ಏನು ಹೇಳಿದಿರಿ ಎಂದು ಕೇಳಿದೆ. ಅವರು ಸ್ವಲ್ಪ ಆಶ್ಚರ್ಯದಿಂದ ನನ್ನನ್ನು ನೋಡಿ, ಅದು ಜನವರಿಯಲ್ಲೇ ಮಾರಾಟವಾಗಿದೆ ಎಂದೆ ಎಂದರು, ಮತ್ತು ಕೀಲಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟರು.